ಹಳೇ ಮನೆ ವೈರಿಂಗ್, ಪ್ಲಂಬಿಂಗ್ ನಾವೇ ಮಾಡ್ಕೋಬಹುದಾ? ರೂಲ್ಸ್ ಏನಿದೆ?

ತಿಪಟೂರು_ತೆಂಗು

ಎಲ್ರಿಗೂ ನಮಸ್ಕಾರ. ತಿಪಟೂರಲ್ಲಿ ನಮ್ಮಪ್ಪ 1986ರಲ್ಲಿ ಕಟ್ಟಿಸಿದ ಮನೆ ಇದೆ. ಕೆಳಗೆ ಮೂರು ರೂಮು, ಮೇಲೆ ಒಂದು ರೂಮು ಆಮೇಲೆ ಹಾಕ್ಸಿದ್ದು. ಮಗಳು ಮೇಲೆ ಓದ್ಕೋತಾಳೆ, ರಾತ್ರಿ ಹೊತ್ತು ಮೆಟ್ಲು ಇಳಿದು ಬರೋದು ಬೇಡ ಅಂತ ಮೇಲೊಂದು ಬಾತ್‌ರೂಮ್ ಮಾಡಿಸ್ತಾ ಇದೀನಿ. ಗಾರೆ ಕೆಲಸಕ್ಕೆ ಮೇಸ್ತ್ರಿ ಇದಾರೆ, ವೈರಿಂಗು ಮತ್ತೆ ಪೈಪಿನ ಕೆಲಸ ನಾನೇ ಮಾಡೋಣ ಅಂತ ಆಸೆ. ಫ್ಯಾಕ್ಟರಿಲಿ ಮೇಂಟೆನೆನ್ಸ್‌ನಲ್ಲಿ ಇದೀನಿ, ಪ್ಯಾನೆಲ್ ಮುಟ್ಟಿ ಅಭ್ಯಾಸ ಇದೆ, ಸುಮ್ನೆ ವಿಡಿಯೋ ನೋಡಿ ಹೊರಟಿರೋನಲ್ಲ.

ಈಗಿನ ಪರಿಸ್ಥಿತಿ ಹೇಳ್ತೀನಿ. ಮೀಟರ್ ಆದ್ಮೇಲೆ ಹಳೇ ಮೇನ್ ಸ್ವಿಚ್ಚು, ಕಿಟ್‌ಕ್ಯಾಟ್ ಫ್ಯೂಸು, ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್ಚು) ಇಲ್ಲ, ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ತಾನೇ ಬೀಳೋ ಸ್ವಿಚ್ಚು) ಇಲ್ಲ, ಒಂದು ಯುಪಿಎಸ್ ಇದೆ. ಸ್ಯಾಂಕ್ಷನ್ ಲೋಡ್, ಅಂದ್ರೆ ಬೆಸ್ಕಾಂ ಮಂಜೂರು ಮಾಡಿರೋ ಮಿತಿ, 2 ಕಿಲೋವ್ಯಾಟ್ ಅಂತ ಬಿಲ್ಲಲ್ಲಿದೆ. ನೀರಿನ ಪೈಪು ಪೂರ್ತಿ ಜಿಐ (ಸತು ಲೇಪದ ಕಬ್ಬಿಣ), ಒಳಗೆಲ್ಲಾ ತುಕ್ಕು, ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ಮೊದ್ಲು ಕೆಂಪು ನೀರು ಬರುತ್ತೆ. ಹಾಗಾಗಿ ಮೊದ್ಲು ಜಿಐ ಎಲ್ಲಾ ಕಿತ್ತು ಸಿಪಿವಿಸಿ (ಬಿಸಿನೀರು ತಡೆಯೋ ಪ್ಲಾಸ್ಟಿಕ್ ಪೈಪು) ಹಾಕೋದು, ಆಮೇಲೆ ಮೇಲಿನ ಬಾತ್‌ರೂಮಿಗೆ ಲೈನು, ಆಮೇಲೆ ಗೀಸರ್ ಪಾಯಿಂಟು, ಕೊನೆಗೆ ಡಿಬಿ (ಮನೆ ಸರ್ಕ್ಯೂಟೆಲ್ಲಾ ಹೊರಡೋ ಮೇನ್ ಬೋರ್ಡು) ಬದಲಾಯಿಸೋದು ಅಂತ ಪ್ಲಾನು.

ಊರಲ್ಲಿ ಒಬ್ರು ಎಲೆಕ್ಟ್ರಿಷಿಯನ್ ಕರೆದು ತೋರಿಸ್ದೆ. ಬಾಗಿಲಲ್ಲೇ ನಿಂತ್ಕೊಂಡು ಎಷ್ಟು ಪಾಯಿಂಟ್ ಬರುತ್ತೆ ಸಾರ್ ಅಂದ್ರು, ಪಾಯಿಂಟಿಗೆ ಇಷ್ಟು ಅಂತ ರೇಟ್ ಹೇಳಿದ್ರು, ಹೋದ್ರು. ಅರ್ತಿಂಗ್ (ಲೀಕಾದ ಕರೆಂಟ್ ನೆಲಕ್ಕೆ ಇಳಿಯೋ ದಾರಿ) ಇದೆಯಾ ಅಂತಾನೂ ಕೇಳ್ಲಿಲ್ಲ. ಇದನ್ನ ನೋಡಿದ್ಮೇಲೆ ನಾನೇ ಮಾಡೋದು ವಾಸಿ ಅನ್ನಿಸ್ತು.

ನನ್ನ ಪ್ರಶ್ನೆ ಇಷ್ಟೇ, ಮನೆ ಓನರ್ ಆಗಿ ಕಾನೂನು ಪ್ರಕಾರ ಎಲ್ಲೀವರೆಗೆ ನಾನೇ ಮಾಡ್ಬಹುದು, ಎಲ್ಲಿಂದ ಲೈಸೆನ್ಸ್ ಇರೋರೇ ಬೇಕು? ಬೆಸ್ಕಾಂನೋರು ಬಂದು ನೋಡ್ತಾರಾ?

ಬಾಡಿಗೆ_ಬಸವ

ಯಾರ್ ಬಂದ್ ನೋಡ್ತಾರೆ ಗುರು, ನಿಮ್ಮನೆ ನಿಮ್ಮ ಗೋಡೆ. ನಮ್ಮ ಓನರ್ರು ಇಡೀ ಮೂರು ಫ್ಲೋರು ತಾವೇ ಎಳೆದವ್ರೆ, ಇವತ್ತಿನವರೆಗೂ ಏನೂ ಆಗಿಲ್ಲ. ಬಾತ್‌ರೂಮಲ್ಲಿ ಗೀಸರ್ ಆಫ್ ಮಾಡಿ ಸ್ನಾನ ಮಾಡಿ ಅಂತ ಮಾತ್ರ ಹೇಳವ್ರೆ 😀

ವೈರ್‌ಮ್ಯಾನ್_ಮಂಡ್ಯ

ಮೇಲಿನ ಬಸವಣ್ಣೋರೆ, ಗೀಸರ್ ಆಫ್ ಮಾಡಿ ಸ್ನಾನ ಮಾಡಿ ಅಂತ ಓನರ್ ಹೇಳ್ತಾರೆ ಅಂದ್ರೆ ಅವರಿಗೇ ಅವರ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ. ಒಂದ್ಸಲ ಅರ್ತ್ ಚೆಕ್ ಮಾಡ್ಸಿ.

ತಿಪಟೂರಿನವರಿಗೆ. ನಾನು ಸೂಪರ್‌ವೈಸರ್ ಪರ್ಮಿಟ್ ಇಟ್ಕೊಂಡು ಕೆಲಸ ಮಾಡೋನು, ಹಂಗಾಗಿ ನನ್ನ ಹೊಟ್ಟೆಪಾಡಿಗೆ ಹೇಳ್ತೀನಿ ಅಂದ್ಕೋಬೇಡಿ. ರೂಲ್ ಇರೋದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ, ಮೊದ್ಲು 2010ರದ್ದಿತ್ತು, ಈಗ 2023ರದ್ದು. ಅದರ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಒಳಗಿನ ಮನೆ ಸಾಮಾನು, ಫಿಟಿಂಗು, ಇವನ್ನ ಇದ್ದ ಜಾಗದಲ್ಲೇ ಬದಲಾಯಿಸೋದಕ್ಕೆ ಯಾರ ಲೈಸೆನ್ಸೂ ಬೇಡ, ಆದ್ರೆ ಬದಲಾಯಿಸಿದ್ರಿಂದ ವೈರಿಂಗಿನ ಕೆಪಾಸಿಟಿ ಆಗ್ಲಿ ಸ್ವರೂಪ ಆಗ್ಲಿ ಬದಲಾಗಬಾರದು. ಹೊಸ ಪಾಯಿಂಟು, ಹೊಸ ಸರ್ಕ್ಯೂಟು, ಇದ್ದಿದ್ದನ್ನ ಮಾರ್ಪಾಡು ಮಾಡೋದು, ರಿಪೇರಿ ಕೂಡ, ಇದೆಲ್ಲಾ ರಾಜ್ಯ ಸರ್ಕಾರದ ಲೈಸೆನ್ಸ್ ಇರೋ ಕಂಟ್ರಾಕ್ಟರೇ ಮಾಡ್ಬೇಕು, ಮೇಲ್ವಿಚಾರಣೆಗೆ ಸರ್ಟಿಫಿಕೇಟ್ ಇರೋನು, ಕೈ ಹಾಕೋನಿಗೆ ಪರ್ಮಿಟ್ಟು. ನಮ್ಮಲ್ಲಿ ಇದನ್ನೆಲ್ಲಾ ಕೊಡೋದು ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್, ಬೆಸ್ಕಾಂ ಅಲ್ಲ.

ಅಂದ್ರೆ ನಿಮ್ಮ ಲಿಸ್ಟಲ್ಲಿ ಗೀಸರ್ ಪಾಯಿಂಟು, ಡಿಬಿ ಎರಡೂ ಗೆರೆ ಆಚೆ. ಜೊತೆಗೆ 2 ಕಿಲೋವ್ಯಾಟ್ ಸ್ಯಾಂಕ್ಷನ್ ಇಟ್ಕೊಂಡು 2 ಕಿಲೋವ್ಯಾಟ್ ಗೀಸರ್ ಹಾಕಿದ್ರೆ ಮೋಟ್ರು, ಮಿಕ್ಸಿ ಎಲ್ಲಾ ಮೇಲಕ್ಕೆ ಹೋಯ್ತಲ್ಲ, ಲೋಡ್ ಜಾಸ್ತಿ ಮಾಡಿಸ್ಲೇಬೇಕು, ಆ ಅರ್ಜಿ ಜೊತೆ ಕಂಟ್ರಾಕ್ಟರ್ ಸೈನ್ ಇರೋ ರಿಪೋರ್ಟ್ ಕೇಳ್ತಾರೆ. ಅಲ್ಲಿಗೆ ತಾನಾಗೇ ಲೈಸೆನ್ಸಿನವರು ಬೇಕಾಗುತ್ತೆ.

ಮೀಟರ್ ಸೀಲ್ ಮಾತ್ರ ಯಾವ ಕಾರಣಕ್ಕೂ ಮುಟ್ಬೇಡಿ, ಅದು 2003ರ ವಿದ್ಯುತ್ ಕಾಯ್ದೆ ಪ್ರಕಾರ ಅಪರಾಧ. ಇನ್ನೊಂದು, ಫ್ಯಾಕ್ಟರಿಲಿ ಕೆಲಸ ಮಾಡೋರು ಮರೆಯೋ ವಿಷಯ ಇದು, ಮನೇಲಿ ಮೇನ್ ಸ್ವಿಚ್ ಆಫ್ ಮಾಡಿದ್ರೂ ಮೀಟರಿಂದ ಮೇನ್ ಸ್ವಿಚ್ಚಿಗೆ ಬರೋ ವೈರಲ್ಲಿ ಕರೆಂಟ್ ಇದ್ದೇ ಇರುತ್ತೆ. ಅಲ್ಲಿ ಲಾಕ್ ಹಾಕೋಕೆ ನಿಮಗೆ ಐಸೊಲೇಟರ್ ಇಲ್ಲ.

ಈಗ ಮುಖ್ಯವಾದದ್ದು. ನೀವು ಮೊದ್ಲು ಜಿಐ ಪೈಪ್ ಕೀಳ್ತೀನಿ ಅಂದ್ರಲ್ಲ, ದಯವಿಟ್ಟು ನಿಲ್ಸಿ. ಆ ಕಾಲದ ಮನೆಗಳಲ್ಲಿ ಎಷ್ಟೋ ಕಡೆ ಅರ್ತ್ ಗುಂಡಿ ತೋಡ್ತಿರಲಿಲ್ಲ, ಅರ್ತ್ ವೈರ್ ತಂದು ನಲ್ಲಿ ಪೈಪಿಗೆ ಸುತ್ತಿ ಬಿಡ್ತಿದ್ರು. ಪೈಪು ನೆಲದೊಳಗೆ ಹೋಗಿರುತ್ತೆ, ಅದೇ ಅರ್ತು. ನೀವು ಆ ಪೈಪ್ ತೆಗೆದು ಪ್ಲಾಸ್ಟಿಕ್ ಹಾಕಿದ ದಿನ ಇಡೀ ಮನೆಗೆ ಅರ್ತ್ ಹೋಯ್ತು. ಇನ್ನೂ ಕೆಟ್ಟದ್ದು ಅಂದ್ರೆ ಮಧ್ಯದ ತುಂಡು ಮಾತ್ರ ಬದಲಾಯಿಸಿದ್ರೆ, ಗೋಡೆಲಿ ಉಳಿದ ಜಿಐ ತುಂಡು ಮತ್ತೆ ಅದರ ನಲ್ಲಿ ಅರ್ತ್ ವೈರಿಗೆ ಅಂಟ್ಕೊಂಡೇ ಇರುತ್ತೆ, ನೆಲದ ಸಂಪರ್ಕ ಇರಲ್ಲ, ಫ್ರಿಜ್ಜಲ್ಲೋ ವಾಷಿಂಗ್ ಮೆಷಿನ್ನಲ್ಲೋ ಲೀಕೇಜ್ ಆದ್ರೆ ಶಾಕ್ ಬರೋದು ಬಾತ್‌ರೂಮಿನ ನಲ್ಲಿಲಿ. ಮೊದ್ಲು ನಿಮ್ಮ ಅರ್ತ್ ವೈರ್ ಎಲ್ಲಿಗೆ ಹೋಗಿದೆ ಹುಡುಕಿ, ಆಮೇಲೆ ಪೈಪಿಗೆ ಕೈ ಹಾಕಿ.

ಸತ್ಯ_ಹೇಳ್ತೀನಿ_ಕಣ್ರೀ

ವೈರ್‌ಮ್ಯಾನ್ ಸರ್ ಹೇಳಿದ್ದು ಪುಸ್ತಕದಲ್ಲಿ ಸರಿ. ಆದ್ರೆ ನೆಲದ ಮೇಲೆ ಏನ್ ನಡೆಯುತ್ತೆ ಹೇಳ್ಲಾ? ನಮ್ಮ ಮನೆ ಕಟ್ಟಿಸೋವಾಗ ಲೈಸೆನ್ಸ್ ಒಬ್ರದ್ದು, ವೈರ್ ಎಳೆದಿದ್ದು ಎರಡು ಹುಡುಗ್ರು, ಅವರಿಗೆ ಪರ್ಮಿಟ್ ಅಂದ್ರೆ ಏನು ಅಂತಾನೂ ಗೊತ್ತಿಲ್ಲ. ಸೈನ್ ಹಾಕಿದ ಪುಣ್ಯಾತ್ಮ ನಮ್ಮ ಮನೆ ಗೇಟೂ ನೋಡಿಲ್ಲ. ರಿಪೋರ್ಟಲ್ಲಿ ಇನ್ಸುಲೇಷನ್ ಟೆಸ್ಟ್ ರೀಡಿಂಗ್, ಅರ್ತ್ ರೀಡಿಂಗ್ ಎಲ್ಲಾ ಚೆನ್ನಾಗಿ ತುಂಬಿತ್ತು, ಆವತ್ತು ನಮ್ಮನೇಲಿ ಅರ್ತ್ ಗುಂಡಿನೇ ತೋಡಿರ್ಲಿಲ್ಲ. ಹೀಗಿರೋವಾಗ ಕೆಲಸ ಗೊತ್ತಿರೋ ಓನರ್ ತಾನೇ ನಿಂತು ಮಾಡೋದು ತಪ್ಪು ಅಂತ ಯಾವ ಬಾಯಲ್ಲಿ ಹೇಳೋದು?

ವೈರ್‌ಮ್ಯಾನ್_ಮಂಡ್ಯ

ಸತ್ಯ ಅವರೇ, ನೀವು ಹೇಳಿದ್ದು ಸುಳ್ಳು ಅಂತ ನಾನು ಹೇಳಲ್ಲ. ಸೈನ್ ಮಾರ್ಕೊಳೋರು ಇದಾರೆ, ನಮ್ಮಂಥೋರ ಹೆಸ್ರು ಕೆಡ್ಸೋದೂ ಅವ್ರೇ. ಆದ್ರೆ ಅದಕ್ಕೆ ಪರಿಹಾರ ಸೈನೇ ಇಲ್ದೆ ಮಾಡೋದಲ್ಲ, ಸೈನ್ ಹಾಕೋನನ್ನ ಮನೆಗೆ ಕರೆಸಿ ಮೆಗ್ಗರ್ (ಇನ್ಸುಲೇಷನ್ ಟೆಸ್ಟ್ ಮಾಡೋ ಮೀಟರ್) ಹಿಡಿಸೋದು. ತಿಪಟೂರಿನವರು ಮಾಡ್ಬಹುದಾದ್ದು ಹೀಗೆ, ಲೈಸೆನ್ಸ್ ಕಂಟ್ರಾಕ್ಟರ್ ಜೊತೆ ಮೊದಲೇ ಮಾತಾಡ್ಕೊಳ್ಳಿ, ಗೋಡೆ ಕಟಿಂಗು, ಪೈಪು, ಬಾಕ್ಸು ಕೂರಿಸೋದು ಇದನ್ನ ಅವರು ಮಾರ್ಕ್ ಮಾಡ್ಕೊಟ್ಟಂಗೆ ನಾನು ಮಾಡ್ಕೋತೀನಿ, ವೈರು, ಕನೆಕ್ಷನ್ನು, ಡಿಬಿ, ಟೆಸ್ಟಿಂಗ್ ನಿಮ್ದು, ಪ್ಲಾಸ್ಟರ್ ಮುಂಚೆ ಒಂದ್ಸಲ ಬಂದು ನೋಡ್ಬೇಕು ಅಂತ. ಒಪ್ಪೋರು ಸಿಕ್ತಾರೆ. ಕಟಿಂಗ್ ಕೆಲಸ ಯಾರಿಗೂ ಇಷ್ಟ ಇಲ್ಲ ಸ್ವಾಮಿ, ಮೂಗು ಬಾಯಿ ತುಂಬಾ ಧೂಳು.

ನೀವೇ ಇರ್ಲಿ ಯಾರೇ ಇರ್ಲಿ, ಗೀಸರಿಗೆ ಬೇರೆ ಸರ್ಕ್ಯೂಟು, ಡಿಬಿಯಿಂದ ನೇರ, ಮಧ್ಯ ಎಲ್ಲೂ ಲೂಪ್ ಹೊಡೀಬೇಡಿ. ತಾಮ್ರದ 4 ಸ್ಕ್ವೇರ್ ಎಂಎಂ ಎಳೆದ್ಬಿಡಿ, ನಾಳೆ 3 ಕಿಲೋವ್ಯಾಟ್ ಗೀಸರ್ ಹಾಕಿದ್ರೂ 13 ಆಂಪ್ಸ್ ಅಷ್ಟೇ, ತಲೆನೋವಿಲ್ಲ. ಸ್ವಿಚ್ಚು ಡಬಲ್ ಪೋಲ್ (ಫೇಸು, ನ್ಯೂಟ್ರಲ್ಲು ಎರಡೂ ಕಡಿಯೋದು), ಬಾತ್‌ರೂಮ್ ಹೊರಗಡೆ. ಲೈಟು ಫ್ಯಾನಿನ ಸರ್ಕ್ಯೂಟಲ್ಲಿ 10 ಪಾಯಿಂಟ್ ಅಥವಾ 800 ವ್ಯಾಟ್ ದಾಟ್ಬೇಡಿ, ಇದು ಐಎಸ್ 732 ಅನ್ನೋ ವೈರಿಂಗ್ ಸ್ಟ್ಯಾಂಡರ್ಡಲ್ಲಿ ಇರೋ ಲೆಕ್ಕ.

ಹುಬ್ಬಳ್ಳಿ_ಹೊಸಮನಿ

ತಿಪಟೂರು ಅಣ್ಣಾರ, ಕರೆಂಟಿನ ವಿಷಯ ಅವ್ರು ಚೊಲೋ ಹೇಳ್ಯಾರ, ನಾ ಪೈಪಿನ ಬಗ್ಗೆ ಹೇಳ್ತೀನ್ರಿ. ನಮ್ಮ ಮನ್ಯಾಗ ಪೈಪಿನ ಕೆಲಸ ನಾನೂ ನಮ್ಮ ಮನಿಯವ್ರೂ ಸೇರೇ ಮಾಡೀವಿ. ಮನಿ ಒಳಗಿನ ಪೈಪಿಗೆ ಕರೆಂಟಿನಂಗ ಬಿಗಿ ರೂಲ್ ಇಲ್ರಿ, ಆದ್ರ ಹೊರಗ ನಗರಸಭೆ ನೀರಿನ ಲೈನು, ಒಳಚರಂಡಿ ಲೈನು ಮುಟ್ಟೂದಾದ್ರ ಪರ್ಮಿಷನ್ ತಗೋಬೇಕು, ರೋಡ್ ಅಗೀಲಿಕ್ಕೂ ಬೇರೆ ಪರ್ಮಿಷನ್. ಬೆಂಗಳೂರಾಗ ಜಲಮಂಡಳಿಯವ್ರು ಲೈಸೆನ್ಸ್ ಪ್ಲಂಬರ್ ಕಡೆಯಿಂದನ ಮಾಡಸ್ರಿ ಅಂತಾರ. ಮತ್ತ ನಗರಸಭೆ ಲೈನಿಗೆ ನೇರ ಮೋಟರ್ ಹಚ್ಚಿ ನೀರು ಎಳೀಬ್ಯಾಡ್ರಿ, ಸಂಪಿಗೆ ಬಿಟ್ಕೊಂಡು ಅಲ್ಲಿಂದ ಏರಸ್ರಿ.

ಸಿಪಿವಿಸಿ ಹಚ್ಚೂದು ಕಷ್ಟ ಇಲ್ಲ, ಅವಸರ ಮಾಡೋರಿಗೆ ಅಷ್ಟ ಕಷ್ಟ. ಪೈಪ್ ನೆಟ್ಟಗ ಕತ್ತರಿಸ್ರಿ, ಅಂಚಿನ ಚೂರು ತೆಗೀರಿ, ಇಲ್ಲಾಂದ್ರ ಅದು ಗಮ್ ಎಲ್ಲಾ ಕೆರಕೊಂಡು ಒಳಗ ಒಯ್ತದ. ಪೈಪಿಗೂ ಹಚ್ರಿ, ಫಿಟಿಂಗ್ ಒಳಗೂ ತೆಳ್ಳಗ ಹಚ್ರಿ, ಒಳಗ ತಳ್ಳೂಮುಂದ ಕಾಲು ಸುತ್ತು ತಿರುವಿ ಅರ್ಧ ನಿಮಿಷ ಗಟ್ಟಿ ಹಿಡೀರಿ, ಕೈ ಬಿಟ್ರ ಅದು ತಾನ ಹಿಂದ ಸರೀತದ. ನಲ್ಲಿ ಬರೋ ಜಾಗಕ್ಕ ಹಿತ್ತಾಳಿ ಥ್ರೆಡ್ ಇರೋ ಎಲ್ಬೋನ ಹಾಕ್ರಿ, ರೊಕ್ಕ ಉಳಸಾಕ ಹೋಗಿ ಪ್ಲಾಸ್ಟಿಕ್ ಥ್ರೆಡ್ ಹಾಕಿದ್ರ ನಲ್ಲಿ ಬಿಗಿ ಮಾಡೂಮುಂದ ಗೋಡಿ ಒಳಗ ಸೀಳ್ತದ, ಟೈಲ್ಸ್ ಹಾಕಿದ ಮ್ಯಾಲೆ ಗೊತ್ತಾಗ್ತದ. ಟೆಫ್ಲಾನ್ ಟೇಪು ಥ್ರೆಡ್ ತಿರುಗೋ ದಿಕ್ಕಿಗೇ ಸುತ್ರಿ. ಬಿಸಿನೀರಿಗೆ ಬಿಳಿ ಯುಪಿವಿಸಿ ಒಟ್ಟ ಬ್ಯಾಡ, ಸೋಲಾರ್ ನೀರಿಗಂತೂ ಬ್ಯಾಡೇ ಬ್ಯಾಡ.

ಎಲ್ಲಾ ಮುಗದ ಮ್ಯಾಲೆ ಒಂದಿನ ಬಿಟ್ಟು, ನಲ್ಲಿ ಜಾಗಕ್ಕೆಲ್ಲಾ ಪ್ಲಗ್ ಹಾಕಿ ಕೈ ಪಂಪಿನಿಂದ ಪ್ರೆಶರ್ ಟೆಸ್ಟ್ ಮಾಡ್ರಿ. ಪಂಪ್ ಪೈಪಿನ ಅಂಗಡ್ಯಾಗ ಬಾಡಿಗಿಗೆ ಕೊಡ್ತಾರ. ಮುಳ್ಳು ಇಳೀಲಿಲ್ಲ ಅಂದ್ರನ ಗಾರಿ ಮೆತ್ತಿಸ್ರಿ. ಗಾರಿ ಮುಂಚೆ ಒಂದೊಂದು ಗೋಡಿಗೂ ಟೇಪ್ ಹಿಡದು ಫೋಟೋ ತಕ್ಕೋರಿ, ನಾಳೆ ಕನ್ನಡಿ ಮೊಳಿ ಹೊಡ್ಯಾಗ ಅದ ದೇವ್ರು.

ನೀರು ತರೂದಕ್ಕಿಂತ ಹೊಲಸು ನೀರು ಒಯ್ಯೂದ ದೊಡ್ಡ ಕೆಲಸ್ರಿ, ಅದರಾಗೂ ನಿಮ್ದು ಹಳೇ ಸ್ಲ್ಯಾಬ್ ಮ್ಯಾಲೆ ಹೊಸ ಬಾತ್‌ರೂಮ್. ಕಮೋಡಿನ 110 ಎಂಎಂ ಪೈಪಿಗೆ ಐದಡಿಗೆ ಒಂದಿಂಚರ ಇಳಿಜಾರು ಬೇಕು. ಅದಕ್ಕ ನೆಲ ಎತ್ತರಸ್ಬೇಕು, ಇಲ್ಲಾ ಕಮೋಡ್ ಹೊರಗಿನ ಗೋಡಿ ಕಡೆ ಇಟ್ಟು ಗೋಡಿಯಿಂದನ ಹೊರಗ ಒಯ್ರಿ, ಎರಡನೇದ ಚೊಲೋ. ಮೇಸ್ತ್ರಿ ಏನರ ಬೀಮ್ ಕೊರದು ಪೈಪ್ ಹಾಕೂಣು ಅಂದ್ರ ಆಗೂದಿಲ್ಲ ಅಂತ ಅಲ್ಲೇ ಹೇಳ್ರಿ, ಒಂದ್ಸಲ ಎಂಜಿನಿಯರ್ ಕರೆಸ್ರಿ, ನೆಲ ಎತ್ತರಿಸಿದ ಭಾರನೂ ಆ ಸ್ಲ್ಯಾಬ್ ಮ್ಯಾಲೇ ಬೀಳೂದು. ಕಮೋಡ್ ಲೈನ್ ನೇರ ಚೇಂಬರಿಗೆ, ಸ್ನಾನದ ನೀರು ಗಲ್ಲಿ ಟ್ರ್ಯಾಪಿಗೆ (ವಾಸನಿ ತಡಿಯೋ ನೀರು ನಿಲ್ಲೋ ಹೊರಗಿನ ಗುಂಡಿ). ಕಮೋಡ್ ಪೈಪ್ ಮ್ಯಾಲೆ ಟೆರೇಸ್ ದಾಟಿ ಗಾಳಿ ಪೈಪ್ ಬಿಡ್ರಿ. ಬಿಡದಿದ್ರ ಮ್ಯಾಲೆ ಫ್ಲಶ್ ಮಾಡಿದಾಗ ಕೆಳಗಿನ ನಹಾನಿ ಟ್ರ್ಯಾಪಿನ (ಬಾತ್‌ರೂಮ್ ನೆಲದ ಜಾಲರಿ ಕೆಳಗಿನ ಟ್ರ್ಯಾಪ್) ನೀರು ಗುಳುಗುಳು ಅಂತ ಎಳ್ಕೊಂಡು ಹೋಗ್ತದ, ಮನಿ ತುಂಬ ವಾಸನಿ.

ಎಡಿಸನ್_ಕನ್ನಡಿಗ

ನಾನು ನ್ಯೂಜೆರ್ಸಿಲಿ ಇರೋದು, ಮೂಲ ಶಿವಮೊಗ್ಗ. ಇಲ್ಲಿ ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಸತ್ಯ ಅವರು ಕೇಳಿದ ಪ್ರಶ್ನೆಗೆ ಇಲ್ಲಿ ಒಂಥರಾ ಉತ್ತರ ಇದೆ. ನಮ್ಮದೇ ಮನೆ, ಒಂದೇ ಕುಟುಂಬದ ಮನೆ, ಅದರಲ್ಲಿ ನಾವೇ ವಾಸ ಇದ್ರೆ ಎಲೆಕ್ಟ್ರಿಕಲ್ಲೂ ಪ್ಲಂಬಿಂಗೂ ನಾವೇ ಮಾಡ್ಬಹುದು, ಲೈಸೆನ್ಸ್ ಬೇಡ. ಆದ್ರೆ ಟೌನ್‌ಶಿಪ್ಪಿಂದ ಪರ್ಮಿಟ್ ತಗೋಬೇಕು, ನಾನೇ ಮಾಡ್ತೀನಿ ಅಂತ ಸೈನ್ ಹಾಕ್ಬೇಕು, ಗೋಡೆ ಮುಚ್ಚೋ ಮೊದ್ಲು ಇನ್‌ಸ್ಪೆಕ್ಟರ್ ಬರ್ತಾರೆ, ಎಲ್ಲಾ ಮುಗಿದ್ಮೇಲೆ ಇನ್ನೊಂದ್ಸಲ ಬರ್ತಾರೆ. ಅವರು ನೋಡದೆ ಶೀಟ್‌ರಾಕ್ (ಗೋಡೆ ಮುಚ್ಚೋ ಹಲಗೆ) ಹೊಡೆದ್ರೆ ಬಿಚ್ಚಿ ತೋರಿಸು ಅನ್ನೋಕೂ ಹಿಂಜರಿಯಲ್ಲ. ನಾನು ಬೇಸ್‌ಮೆಂಟಲ್ಲಿ ಮಾಡಿದಾಗ ಬಂದೋರು ಕೈಯಲ್ಲಿ ಟಾರ್ಚ್ ಹಿಡ್ಕೊಂಡು ಪ್ರತಿ ಬಾಕ್ಸ್ ಒಳಗೆ ನೋಡಿದ್ರು, ವೈರ್ ಬಾಕ್ಸಿಗೆ ಬರೋ ಮೊದ್ಲು ಕ್ಲಿಪ್ ಹೊಡೆದಿದೀನಾ ಅಂತ ಎಳೆದೂ ನೋಡಿದ್ರು.

ಹಾಗಂತ ವಿದೇಶ ಎಲ್ಲಾ ಒಂದೇ ಅಲ್ಲ. ನನ್ನ ತಮ್ಮ ಮೆಲ್ಬೋರ್ನಲ್ಲಿದಾನೆ, ಅಲ್ಲಿ ಒಂದು ಪ್ಲಗ್ ಪಾಯಿಂಟ್ ಬದಲಾಯಿಸೋಕೂ ಲೈಸೆನ್ಸ್ ಎಲೆಕ್ಟ್ರಿಷಿಯನ್ನೇ ಬೇಕು, ಆ ಲೆಕ್ಕದಲ್ಲಿ ನಮ್ಮ ದೇಶದ ರೂಲೇ ಸಡಿಲ. ನಮ್ಮೂರಲ್ಲಿ ಕೊರತೆ ಇರೋದು ರೂಲಲ್ಲಲ್ಲ, ಗೋಡೆ ಮುಚ್ಚೋ ಮೊದ್ಲು ಬಂದು ಇಣುಕಿ ನೋಡೋ ಒಬ್ಬ ಮನುಷ್ಯ ಇಲ್ಲ, ಅಷ್ಟೇ.

ಇನ್ನೊಂದು, ಇಲ್ಲಿ ಬಾತ್‌ರೂಮು ಕಿಚನ್ ಸಾಕೆಟ್ಟಲ್ಲೇ ಇರೋ ಪ್ರೊಟೆಕ್ಷನ್ ಸುಮಾರು 5 ಮಿಲಿಆಂಪ್ಸ್‌ಗೆ ಬೀಳುತ್ತೆ. ನಮ್ಮಲ್ಲಿ ಮನೆಗೆ ಹಾಕೋದು 30 ಮಿಲಿಆಂಪ್ಸ್ ಆರ್‌ಸಿಸಿಬಿ. ಅಂಗಡಿಲಿ 100ರದ್ದು, 300ರದ್ದೂ ಇರುತ್ತೆ, ಬೆಲೆ ನೋಡಿ ತಗೋಬೇಡಿ, ಅವು ಮನುಷ್ಯನ ಜೀವ ಉಳಿಸೋಕೆ ಇರೋದಲ್ಲ.

ತಿಪಟೂರು_ತೆಂಗು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹೊಸಮನಿ ಮೇಡಂ, ಕಮೋಡ್ ಹೊರಗಿನ ಗೋಡೆಗೆ ಶಿಫ್ಟ್ ಮಾಡ್ಸಿದೆ, ಮೇಸ್ತ್ರಿಗೆ ಸ್ವಲ್ಪ ಬೇಜಾರಾಯ್ತು ಆದ್ರೆ ಒಪ್ಕೊಂಡ್ರು.

ಮಂಡ್ಯ ಸರ್, ಈ ಭಾನುವಾರ ಅರ್ತ್ ವೈರ್ ಹಿಂದೆ ಬಿದ್ದೆ. ಮೀಟರ್ ಬೋರ್ಡ್ ಹಿಂದಿಂದ ಒಂದು ಬರೀ ಜಿಐ ತಂತಿ ಹೊರಟು, ಜಂತಿ ಪಕ್ಕ ಹೋಗಿ, ಹಿತ್ಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ರ ನಲ್ಲಿ ಪೈಪಿಗೆ ಕ್ಲ್ಯಾಂಪಲ್ಲಿ ನಿಂತಿದೆ. ನೀವು ಹೇಳಿದಂಗೇ. ಕ್ಲ್ಯಾಂಪ್ ಮುಟ್ಟಿದ್ರೆ ಪುಡಿ ಉದುರುತ್ತೆ. ಅಡುಗೆಮನೆ ಮಿಕ್ಸಿ ಸಾಕೆಟ್ ಬಿಚ್ಚಿ ನೋಡಿದ್ರೆ ಅದಕ್ಕೆ ಆ ತಂತಿನೂ ಬಂದಿಲ್ಲ, ಅರ್ತ್ ಪಿನ್ನಿಂದ ನ್ಯೂಟ್ರಲ್ ಪಿನ್ನಿಗೆ ಸಣ್ಣ ತುಂಡು ವೈರ್ ಹಾಕಿದಾರೆ. ಮೇಲಿನ ರೂಮಲ್ಲಿ ಬಲ್ಬ್ ಹೋಲ್ಡರಿಗೆ ಟೆಸ್ಟರ್ ಇಟ್ರೆ ಸ್ವಿಚ್ ಆಫ್ ಇದ್ರೂ ಹೊತ್ಕೊಳುತ್ತೆ, ಅಂದ್ರೆ ಸ್ವಿಚ್ಚು ನ್ಯೂಟ್ರಲ್ಲಲ್ಲಿ ಕೂತಿದೆ ಅನ್ಸುತ್ತೆ. ಪೈಪಿನ ಕೆಲಸ ಸದ್ಯಕ್ಕೆ ಮುಂದೂಡಿದೀನಿ. ಈಗ ಆರ್‌ಸಿಸಿಬಿ ಹಾಕಿದ್ರೆ ಇವೆಲ್ಲಾ ಸರಿ ಹೋಗುತ್ತಾ, ಅರ್ತ್ ಗುಂಡಿ ಬೇಕೇ ಬೇಕಾ? ಆ ಪೈಪಿನ ಅರ್ತ್ ಕೆಲಸ ಮಾಡುತ್ತಾ ಅಂತ ಫೇಸಿಂದ ಬಲ್ಬ್ ಹಾಕಿ ನೋಡ್ಲಾ?

ವೈರ್‌ಮ್ಯಾನ್_ಮಂಡ್ಯ

ಬಲ್ಬ್ ಹಾಕಿ ನೋಡೋದು ಖಂಡಿತ ಬೇಡ. ಆ ಪೈಪ್ ನೆಲಕ್ಕೆ ಸರಿಯಾಗಿ ಸೇರಿಲ್ಲ ಅಂದ್ರೆ ಬಲ್ಬ್ ಮೂಲಕ ಇಡೀ ಪೈಪಿಗೆ ಕರೆಂಟ್ ಹೋಗುತ್ತೆ, ಆ ಹೊತ್ತಲ್ಲಿ ಮನೇಲಿ ಯಾರಾದ್ರೂ ನಲ್ಲಿ ಮುಟ್ಟಿದ್ರೆ? ಬಲ್ಬ್ ಉರಿದ್ರೂ ಅರ್ತ್ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಅದಕ್ಕೆ ಅರ್ತ್ ಟೆಸ್ಟರ್ ಮೀಟರ್ ಬೇರೆ ಇದೆ, ಕಂಟ್ರಾಕ್ಟರ್ ಹತ್ರ ಇರ್ಬೇಕು, ಇಲ್ಲ ಅಂದ್ರೆ ಬೇರೆ ಕಂಟ್ರಾಕ್ಟರ್ ನೋಡಿ.

ಮಿಕ್ಸಿ ಸಾಕೆಟ್ಟಿನ ಆ ತುಂಡು ವೈರ್ ಇವತ್ತೇ ಮೇನ್ ಆಫ್ ಮಾಡಿ ತೆಗೀರಿ. ಎಲ್ಲೋ ನ್ಯೂಟ್ರಲ್ ಲೂಸ್ ಆದ್ರೆ ಮಿಕ್ಸಿ, ಗ್ರೈಂಡರ್ ಬಾಡಿಗೆ ಪೂರ್ತಿ 230 ವೋಲ್ಟ್ ಬರುತ್ತೆ. ಅರ್ತ್ ಇಲ್ದೆ ಇರೋದು ಅದಕ್ಕಿಂತ ವಾಸಿ, ಆದ್ರೆ ಹೊಸ ಅರ್ತ್ ಬರೋವರೆಗೂ ಆ ಸಾಕೆಟ್ಟಿಗೆ ಗ್ರೈಂಡರ್ ಹಾಕ್ಬೇಡಿ.

ಆರ್‌ಸಿಸಿಬಿನೂ ಬೇಕು, ಗುಂಡಿನೂ ಬೇಕು. ಯಾಕೆ ಅಂದ್ರೆ ಲೆಕ್ಕ ನೋಡಿ, ಬೇಸಿಗೇಲಿ ಗುಂಡಿ ಒಣಗಿ ಅರ್ತ್ 20 ಓಮ್ ಆಯ್ತು ಅಂದ್ಕೊಳ್ಳಿ. ಫೇಸು ಗೀಸರ್ ಬಾಡಿಗೆ ತಗುಲಿದ್ರೆ 230 ಭಾಗಿಸು 20, ಹನ್ನೊಂದೂವರೆ ಆಂಪ್ಸ್ ಹರಿಯುತ್ತೆ. 16ರ ಎಂಸಿಬಿ ಅದನ್ನ ನೋಡಿ ಗೀಸರ್ ಓಡ್ತಾ ಇದೆ ಅಂದ್ಕೊಂಡು ಸುಮ್ನಿರುತ್ತೆ. 30 ಮಿಲಿಆಂಪ್ಸ್‌ದು ಆದ್ರೆ ತಕ್ಷಣ ಬೀಳುತ್ತೆ. ಇನ್ನೊಂದ್ ಕಡೆ ಗುಂಡಿನೇ ಇಲ್ಲ ಅಂದ್ರೆ ಯಾರಾದ್ರೂ ಮುಟ್ಟೋವರೆಗೂ ಆರ್‌ಸಿಸಿಬಿಗೆ ಗೊತ್ತೇ ಆಗಲ್ಲ, ಮುಟ್ಟಿದ್ಮೇಲೆ ಬೀಳೋದು. ಗುಂಡಿಗೆ 40 ಎಂಎಂ ಜಿಐ ಪೈಪು, ಎರಡೂವರೆ ಮೀಟರ್ ಉದ್ದ, ಇದ್ದಿಲು ಉಪ್ಪು ಹಾಕೋದು ಹಳೇ ಪದ್ಧತಿ, ಸಾಕು, ಬೇಸಿಗೇಲಿ ನೀರು ಹುಯ್ಯೋಕೆ ಬಾಯಿ ಬಿಡಿ. ಗುಂಡಿ ತೋಡೋ ಕೆಲಸ ಬೇಕಾದ್ರೆ ನೀವೇ ತೋಡಿ, ಅದಕ್ಕೆ ಯಾರೂ ಪರ್ಮಿಟ್ ಕೇಳಲ್ಲ 😀

ಆರ್‌ಸಿಸಿಬಿ ಹಾಕಿದ ದಿನ ಒಂದು ಜಗಳ ಆಗುತ್ತೆ, ಈಗ್ಲೇ ಹೇಳಿಡ್ತೀನಿ. ಯುಪಿಎಸ್ ಇದೆ ಅಂದ್ರಲ್ಲ. ಯುಪಿಎಸ್‌ಗೆ ಹೋಗೋ ಫೇಸ್ ಆರ್‌ಸಿಸಿಬಿ ಮುಂಚೆ ತಗೊಂಡಿದ್ರೆ, ಅದರ ಲೈಟುಗಳ ನ್ಯೂಟ್ರಲ್ ಆರ್‌ಸಿಸಿಬಿ ಆದ್ಮೇಲಿನ ನ್ಯೂಟ್ರಲ್ ಪಟ್ಟಿಗೆ ಬರುತ್ತೆ, ಹೋಗಿದ್ದು ಒಂದು ದಾರಿ ಬಂದಿದ್ದು ಇನ್ನೊಂದು ದಾರಿ, ಆರ್‌ಸಿಸಿಬಿ ಇದನ್ನ ಲೀಕೇಜ್ ಅಂತ ತಿಳ್ಕೊಂಡು ನಿಲ್ಲೋದೇ ಇಲ್ಲ. ಆಗ ಬಂದ ಹುಡುಗ್ರು ಆರ್‌ಸಿಸಿಬಿನೇ ಕೆಟ್ಟಿದೆ ಸಾರ್ ಅಂತ ಬೈಪಾಸ್ ಮಾಡಿ ಹೋಗ್ತಾರೆ, ಅರ್ಧ ಊರಲ್ಲಿ ಹಿಂಗೇ ಇದೆ. ಯುಪಿಎಸ್ ಇನ್‌ಪುಟ್ ಫೇಸೂ ನ್ಯೂಟ್ರಲ್ಲೂ ಎರಡೂ ಆರ್‌ಸಿಸಿಬಿ ಆದ್ಮೇಲೆ ತಗೋಬೇಕು. ಹಳೇ ವೈರಿಂಗಲ್ಲಿ ಆಮೇಲೆ ಹಾಕಿದ ಮೇಲಿನ ರೂಮಿನ ನ್ಯೂಟ್ರಲ್ ಎಲ್ಲಿಂದಾದ್ರೂ ಸಾಲ ತಂದಿರ್ತಾರೆ, ಅದನ್ನೂ ಒಂದೊಂದೇ ಸರ್ಕ್ಯೂಟ್ ಹಾಕಿ ಹುಡುಕ್ಬೇಕು.

ತಿಪಟೂರು_ತೆಂಗು

ಆ ತುಂಡು ವೈರ್ ಈಗ್ಲೇ ತೆಗೆದೆ ಸರ್. ತುಮಕೂರಿಂದ ಒಬ್ರು ಕಂಟ್ರಾಕ್ಟರ್ ಗುರುವಾರ ಬರ್ತಾರೆ, ಫೋನಲ್ಲೇ ಮೆಗ್ಗರ್ ತರ್ತೀರಾ ಅಂತ ಕೇಳ್ದೆ, ಒಂದು ಕ್ಷಣ ಸುಮ್ನಾಗಿ ತರ್ತೀನಿ ಅಂದ್ರು. ಲೋಡ್ 5 ಕಿಲೋವ್ಯಾಟಿಗೆ ಅರ್ಜಿ ಹಾಕೋಣ ಅಂತಿದೀನಿ, ಸಿಂಗಲ್ ಫೇಸೇ. ಆರ್‌ಸಿಸಿಬಿ ಅಂಗಡಿಯೋನು 63 ಆಂಪ್ಸ್‌ದೇ ತಗೊಳ್ಳಿ ದೊಡ್ಡದು ಒಳ್ಳೇದು ಅಂತಿದಾನೆ?

ವೈರ್‌ಮ್ಯಾನ್_ಮಂಡ್ಯ

5 ಕಿಲೋವ್ಯಾಟ್ ಅಂದ್ರೆ ಹೆಚ್ಚುಕಮ್ಮಿ 22 ಆಂಪ್ಸ್. ಮುಂದೆ 32ರ ಡಬಲ್ ಪೋಲ್ ಎಂಸಿಬಿ, ಆಮೇಲೆ 40 ಆಂಪ್ಸ್ ಎರಡು ಪೋಲ್ 30 ಮಿಲಿಆಂಪ್ಸ್ ಆರ್‌ಸಿಸಿಬಿ ಸಾಕು. 63 ಹಾಕಿದ್ರೂ ತೊಂದರೆ ಏನಿಲ್ಲ, ದುಡ್ಡು ಜಾಸ್ತಿ ಅಷ್ಟೇ, ಆ ನಂಬರ್ ದೊಡ್ಡದಾದ್ರೆ ರಕ್ಷಣೆ ಜಾಸ್ತಿ ಆಗಲ್ಲ. ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳಲ್ಲ, ಹಂಗಾಗಿ ಎಂಸಿಬಿ ಬಿಟ್ಟು ಅದೊಂದೇ ಹಾಕ್ಬೇಡಿ. ಗುರುವಾರದ ರೀಡಿಂಗ್ ಬಂದ್ಮೇಲೆ ಇಲ್ಲೇ ಹಾಕಿ, ನೋಡೋಣ.